ಅವಳಿ ಗೊಂಬೆಯ ಕೆನ್ನೆಯ ಗೀರು

ಒಮು-ಅರನ್,
ಕೆತ್ತನೆಯ ಚಪ್ಪರದಿಂದ

ಹಿರಿಯರಾದ ಬಾಬಾ ಒಯೆಕನ್ಮಿಯವರಿಗೆ ಒನಾಯೆಮಿಯ ಉದ್ದಂಡ ನಮಸ್ಕಾರ.

ಅವಳಿಗಳಲ್ಲಿ ತೀರಿಹೋದ ನಿಮ್ಮ ಮೊಮ್ಮಗಳು ಕೆಹಿಂದೆಯ ಜೀವ ನೆಲೆಸಲೆಂದು ನಾನು ಕೆತ್ತಿದ ಗೊಂಬೆಯನ್ನು ವಾಪಸು ಕಳಿಸಿದ್ದೀರಿ. "ಕೆನ್ನೆ ಮೇಲೆ ಹೊಳೆಯಾಚೆ ನೂಪೆಯವರ ಕುಲದ ಗೀರು ಯಾಕಯ್ಯಾ? ನಮ್ಮನೆ ಮಗು ಅಲ್ವಾ ಅದು?" ಎಂದು ಕೇಳಿಸಿದ್ದೀರಿ. ಅದು ಕೈತಪ್ಪಲ್ಲ ಬಾಬಾ, ಬೇಕೆಂದೇ ಹಾಕಿದ್ದು.

ನಾನು ಕೆತ್ತುತ್ತಿದ್ದಾಗ ಕೆಹಿಂದೆಯ ತಾಯಿ, ನಿಮ್ಮ ನೂಪೆ ಸೊಸೆ, ಚಪ್ಪರಕ್ಕೆ ಬಂದು ಒಂದೇ ಮಾತು ಕೇಳಿದಳು: "ದಿನಾ ಇದಕ್ಕೆ ಸ್ನಾನ ಮಾಡ್ಸಿ ಉಣ್ಸೋಳು ನಾನು. ಮುಖದಲ್ಲಿ ನನ್ನ ತೌರಿನ ಗುರುತೊಂದು ಇದ್ರೆ ಆಗಲ್ವಾ, ಅಣ್ಣಾ?"

ತುರುಬು, ಉಬ್ಬುಗಣ್ಣು ಎಲ್ಲ ನಮ್ಮ ಪದ್ಧತಿಯದ್ದೇ. ನಿಮ್ಮ ಗುಡಿಯ ಬಾಗಿಲಿಗೆ ನನ್ನ ಅಜ್ಜ ನೂಪೆಯವರ ಹೆಣಿಗೆಯ ಚಿತ್ತಾರ ಕೆತ್ತಿದಾಗ ನಿಮ್ಮ ಅಪ್ಪ ಊರಿಗೆಲ್ಲ ತೋರಿಸಿ ಮೆರೆದಿದ್ದರಲ್ಲ!

ಗೊಂಬೆಯನ್ನು ಮತ್ತೆ ಕಳಿಸುತ್ತಿದ್ದೇನೆ. ಉಳಿದ ಅವಳಿ ತೈವೋಗೆ ಜ್ವರ ಬಿಟ್ಟಿಲ್ಲವಂತೆ. ಗೊಂಬೆಯಲ್ಲಿರುವ ಜೊತೆಯವಳು ಹಸಿದಿದ್ದರೆ ಅವನನ್ನೂ ತನ್ನ ಬಳಿಗೆ ಕರೆಯುತ್ತಾಳೆಂದು ನಿಮಗೆ ನಾನು ಹೇಳಬೇಕೇ? ಇವತ್ತೇ ಬೆಂದ ಅಲಸಂದೆಯನ್ನು ಅವಳ ಮುಂದಿಡಿಸಿ.

ಗೀರನ್ನು ಮಾತ್ರ ನಾನು ಹೆರೆಯುವುದಿಲ್ಲ. ತಾಯಿ ದಿನವೂ ತೊಳೆದು ಒರೆಸಿ, ನಿಮ್ಮ ಕಣ್ಣೆದುರೇ ಅದನ್ನು ಸವೆಸಿಬಿಡುತ್ತಾಳೆ. ಆಮೇಲೆ ಇದು ಯಾರ ಮಗು ಎಂದು ಯಾರಾದರೂ ಕೇಳಿದರೆ, ಆ ಕೈಗಳನ್ನು ತೋರಿಸಿ.

ನಿಮ್ಮ ಮನೆತನದ ಉಳಿ ಹಿಡಿದವನು,
ಒನಾಯೆಮಿ