ಅಪ್ಪನಿಗೆ ಸೌನಾ ಕಾಯಿಸು

ಇಲ್ಪೊ,

ಅಪ್ಪನ ನೋವಿನ ಮದ್ದು ಮಾರ್ಫಿನ್ ಮುಗಿದಿದೆ, ತರಲು ಹೊರಟಿದ್ದೇನೆ. ಉಸಿರು ಗೊರಗೊರ ಎಂದರೂ ಈ ಸಲ ಆಂಬುಲೆನ್ಸ್ ಕರೆಯಬೇಡ. ಹೋದ ಸಲ ನೀನು ಹೆದರಿ ಕರೆದೆ, ಆಸ್ಪತ್ರೆಯವರು ಮೂಗಿಗೆ ನಳಿಕೆ ತುರುಕಿದರು. "ಮತ್ತೆ ಅಲ್ಲಿಗೆ ಸಾಗಿಸಿದ್ರೆ ನಿಮ್ಮಿಬ್ರ ಮುಖಾನೂ ನೋಡಲ್ಲ" ಎಂದು ಅಪ್ಪ ಅಂದದ್ದನ್ನು ನೀನೂ ಕೇಳಿದ್ದೀಯ.

ಬಾಯಿ ಒಣಗಿದರೆ ಸ್ಪಂಜನ್ನು ಕಾಫಿಯಲ್ಲಿ ಅದ್ದಿ ತುಟಿಗೆ ಒತ್ತು. ನೀರಾದರೆ ಮುಖ ತಿರುಗಿಸುತ್ತಾನೆ.

ಹಿತ್ತಿಲ ಸೌನಾ ಕೋಣೆಯ ಒಲೆಗೆ ಈಗಲೇ ಬೆಂಕಿ ಹಾಕು, ಹಬೆ ಸ್ನಾನಕ್ಕೆ ಹದವಾಗಿ ಕಾಯಲಿ. "ಈ ಸ್ಥಿತೀಲಿ ಸೌನಾನಾ? ಅಲ್ಲೇ ಪ್ರಾಣ ಹೋದ್ರೆ?" ಎಂದು ಮತ್ತೆ ಶುರು ಮಾಡಬೇಡ. ಅಜ್ಜಿ ಅಪ್ಪನನ್ನು ಹೆತ್ತದ್ದು ಅಲ್ಲೇ. ಅಜ್ಜಿ ಸತ್ತಾಗ ಅಪ್ಪ ಅವಳ ಮೈ ತೊಳೆದದ್ದೂ ಅಲ್ಲೇ.

ಹಂಡೆ ತುಂಬ ನೀರು ಕಾಯಿಸಿಡು. ನಾನು ಬರುವಷ್ಟರಲ್ಲಿ ಅಪ್ಪ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಇವತ್ತು ಮೀಯಿಸುವವರು ನಾವೇ.

ಅಕ್ಕ