ದಾನಿಶನ ಎರಡು ಬಾಗಿಲಿನ ಕಾರು

ಹುಣಸೂರು
೧೫ ಜುಲೈ ೨೦೦೨, ಸೋಮವಾರ

ಪ್ರೀತಿಯ ತಮ್ಮ ದಾನಿಶನಿಗೆ, ನಿನ್ನ ಅಣ್ಣ ಜಾನ್ ಪಾಷಾನ ಸಲಾಮು, ಮನೆಯವರೆಲ್ಲರ ದುವಾ.

ಹೇಗಿದ್ದೀಯಾ? ಎದೆ ಉರಿಯುತ್ತದೆ ಅಂತ ಹಿಂದಿನ ಪತ್ರದಲ್ಲಿ ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಹೋಟೆಲಿನ ಖಾರ ತಿನ್ನಬೇಡ, ರೂಮಿನಲ್ಲೇ ಎರಡು ಹಿಡಿ ಅನ್ನ ಬೇಯಿಸಿಕೋ ಅಂತ ಅಮ್ಮಿ ನೂರು ಸಲ ಹೇಳಿಸಿದ್ದಾರೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮಿಯ ಮಂಡಿ ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ನಿನ್ನ ಭಾಭಿ ಫರ್ಹಾನಾ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಒಂದು ಜಾಡಿ ನಿನ್ನ ಹೆಸರಿಗೆ ಎತ್ತಿಟ್ಟಿದ್ದಾಳೆ. ಅದಕ್ಕೆ ಕೈ ಹಾಕಿದರೆ ನನಗೂ ಬೈಗುಳ ತಪ್ಪಿದ್ದಲ್ಲ. ಉರ್ದುವಿನಲ್ಲಿ ಬರೆ ಅಂತ ಅಮ್ಮಿ ಈಗಲೂ ಗದರುತ್ತಾರೆ. ನಾವಿಬ್ಬರೂ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ನಾನು ಉರ್ದುವಿನಲ್ಲಿ ಬರೆದರೆ ನಿನಗೂ ಅರ್ಥವಾಗುವುದಿಲ್ಲ, ಆಮೇಲೆ ನನಗೂ ಆಗುವುದಿಲ್ಲ.

ನಿನ್ನ ಪತ್ರ, ಕಾರಿನ ನಾಲ್ಕು ಫೋಟೋ, ಹೊಸ ಮಾಡೆಲಿನ ಬಣ್ಣದ ಪುಸ್ತಕ ಎಲ್ಲವೂ ಹೋದ ಮಂಗಳವಾರವೇ ಬಂದವು. ಲಕೋಟೆಯ ಹಿಂದೆ ಈ ಸಲ ಶಾರ್ಜಾದ ನಿನ್ನ ರೂಮಿನ ವಿಳಾಸ ಇರಲಿಲ್ಲ, ಯಾರೋ ಮಲಯಾಳಿಯ ಚಹಾ ಅಂಗಡಿಯ ಪೋಸ್ಟ್ ಬಾಕ್ಸ್ ನಂಬರು ಇತ್ತು. ಇದನ್ನೂ ಅಲ್ಲಿಗೇ ಕಳಿಸುತ್ತಿದ್ದೇನೆ. ನೀನು ಹೋಗಿ ನಾಲ್ಕು ವರ್ಷವಾಯಿತು. ಪತ್ರ ಬಂದಾಗಲೆಲ್ಲ ಅಮ್ಮಿ ಕೇಳುವುದು ಒಂದೇ, ಯಾವಾಗ ಬರುತ್ತಾನಂತೆ? ರಂಜಾನಿಗೆ ಅಂದೆ, ಬರಲಿಲ್ಲ. ಬಕ್ರೀದಿಗೆ ಅಂದೆ, ಅದೂ ಹೋಯಿತು. ಈ ಸಲ ಬರುವ ಮಾತೇ ಇಲ್ಲ, ಎರಡು ಪುಟವೂ ಕಾರಿನದೇ. ರಜೆ ಕೇಳಿದ್ದಾನಂತೆ ಅಂತ ನಾನೇ ಒಂದು ಸಾಲು ಸೇರಿಸಿ ಓದಿ ಹೇಳಿದೆ. ಆ ಸುಳ್ಳಿನ ಪಾಪ ನಿನ್ನ ತಲೆಗೇ.

ಈಗ ಕಾರಿನ ವಿಷಯ. ನಿನ್ನ ಯಜಮಾನ ತನ್ನ ಹಳೆಯ ಎರಡು ಬಾಗಿಲಿನ ಕಾರನ್ನು ನಿನಗೆ ಅಗ್ಗಕ್ಕೆ ಕೊಟ್ಟಾಗಲೇ ನಾವು ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಈಗ ಕಂಪನಿಯವರು ಅದರ ರೂಪವನ್ನೇ ಬದಲಾಯಿಸಿ ಹೊಸದು ತಂದಿದ್ದಾರೆ, ಹಳೆಯದನ್ನು ಕೊಟ್ಟು ಅದನ್ನು ತಗೊಳ್ಳಲೋ ಬೇಡವೋ ಅಂತ ಕೇಳಿದ್ದೀಯ. ಇಲ್ಲಿ ನಾನು ಮೊಪೆಡ್ಡಿನ ಹಿಂದಿನ ಟಯರು ಬದಲಾಯಿಸಲೋ ಬೇಡವೋ ಅಂತ ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ ಮಹಾರಾಯ! ಆದರೂ ಕೇಳಿದ್ದೀಯಲ್ಲ, ಅಣ್ಣನಾದವನು ಹೇಳಬೇಕು. ಹ್ಯಾಂಡ್‌ಪೋಸ್ಟಿನ ಮಾದೇಶ ತನ್ನ ಬಾಡಿಗೆ ಜೀಪಿನ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಲು ನಮ್ಮ ಅಂಗಡಿಗೆ ಬಂದಿದ್ದ, ಅವನಿಗೂ ಫೋಟೋ ತೋರಿಸಿದೆ. “ಪಾಷಣ್ಣ, ಇಂದ್ಗಡೆ ಬಾಗ್ಲೇ ಇಲ್ವಲ್ಲಣ್ಣೋ! ಇಂದೆ ಕುಂತ್ಕಳೋರು ಕಿಟ್ಕೀಲಿ ನುಗ್ಬೇಕಾ?” ಅಂದ. ಮುಂದಿನ ಸೀಟು ಮಡಚಿಕೊಳ್ಳುತ್ತದೆ ಅಂತ ವಿವರಿಸಿದೆ. “ಅಂಗಾರೆ ಮುಂದ್ಲೋರು ಇಳಿಯೋಗಂಟ ಇಂದ್ಲೋರು ಜೈಲಲ್ಲವ್ರೆ ಅನ್ನು. ನಮ್ ಜೀಪ್ಗೆ ಬಾಗ್ಲೇ ಇಲ್ಲ ಕಣಣ್ಣ, ಅದ್ಕೇ ಇಪ್ಪತ್ತ್ ಜನ ಅತ್ತಿ ಕುಂತ್ಕತಾರೆ” ಅಂತ ನಕ್ಕ. ಅಮ್ಮಿಗೆ ಇನ್ನೊಂದು ಚಿಂತೆ. “ಎರಡೇ ಬಾಗಿಲಾದ್ರೆ ನಾನು ಈ ಮಂಡಿ ಇಟ್ಕೊಂಡು ಎಲ್ಲಿಂದ ಹತ್ತಲಿ?” ಅಂತ ಕೇಳಿದರು, ನೀನು ಕಾರನ್ನು ನಾಳೆಯೇ ನಮ್ಮ ಬೀದಿಗೆ ತರುತ್ತೀಯ ಅನ್ನುವ ಹಾಗೆ.

ನಾನು ಕನ್ನಡಕ ಹಾಕಿಕೊಂಡು ಹಳೆಯದು ಹೊಸದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ದೀಪ ಉದ್ದ ಮಾಡಿದ್ದಾರೆ, ಮೂತಿ ಚೂಪು ಮಾಡಿದ್ದಾರೆ, ಚಾವಣಿ ಇಳಿಸಿದ್ದಾರೆ. ಚೆನ್ನಾಗಿದ್ದದ್ದನ್ನು ಇದ್ದ ಹಾಗೆ ಬಿಡಲು ಈ ಕಂಪನಿಯವರಿಗೆ ಏನು ಕಷ್ಟವೋ. ಹಿಂದಿನ ಸೀಟಂತೂ ಒಂದು ಕಲ್ಲಂಗಡಿ ಹಣ್ಣು ಕೂರಿಸುವಷ್ಟೇ ಇದೆ. ಕುಶನ್ ಕೆಲಸದವನ ಕಣ್ಣು ಎಲ್ಲಿಗೆ ಹೋಗುತ್ತದೆ ನಿನಗೆ ಗೊತ್ತಲ್ಲ. ನಿನ್ನ ಹಳೆಯ ಕಾರಿನ ಸೀಟು ಚರ್ಮದ ತುಂಡುಗಳನ್ನು ಸೇರಿಸಿ ಜೋಡಿ ಹೊಲಿಗೆ ಹಾಕಿದ್ದು. ಯಾರೋ ಕೂತು ಮನಸ್ಸಿಟ್ಟು ಹೊಲಿದಿದ್ದಾರೆ, ಬಿಚ್ಚಿದರೆ ನಾನೂ ನೀನೂ ಮತ್ತೆ ಹೊಲಿಯಬಹುದು. ಹೊಸದರದ್ದು ಅಚ್ಚಿನಲ್ಲಿ ಒತ್ತಿ ಗೋಂದು ಹಚ್ಚಿದ ಹಾಗೆ ಕಾಣುತ್ತದೆ, ಒಂದು ಕಡೆ ಹರಿದರೆ ಇಡೀ ಸೀಟೇ ಹೋಯಿತು. ಆದ್ದರಿಂದ ನನ್ನ ಮಾತು ಕೇಳುವುದಾದರೆ ಹೊಸದು ಬೇಡ.

ಹೊಗೆಸೊಪ್ಪು ಸಾಗಿಸುವ ಕಾಲ ಹತ್ತಿರ ಬಂತು, ಲಾರಿಯವರು ಸೀಟು ರಿಪೇರಿಗೆ ಈಗಲೇ ಸಾಲು ನಿಂತಿದ್ದಾರೆ. ನನ್ನೊಬ್ಬನ ಕೈಯಲ್ಲಿ ಆಗುತ್ತಿಲ್ಲ. ನೀನು ಮೊದಲ ಸಲ ಬಸ್ಸಿನ ಸೀಟು ಹೊಲಿದಾಗ ಕತ್ತರಿಯನ್ನು ಒಳಗೇ ಬಿಟ್ಟು ಹೊಲಿದುಬಿಟ್ಟಿದ್ದೆಯಲ್ಲ, ಅದನ್ನು ನೆನೆಸಿಕೊಂಡು ನಿನ್ನೆ ಒಬ್ಬನೇ ನಕ್ಕೆ. ಪಿರಿಯಾಪಟ್ಟಣಕ್ಕೆ ಅದರ ಮೇಲೆ ಕೂತು ಹೋದ ಮನುಷ್ಯ ವಾಪಸು ನಿಂತೇ ಬಂದನಂತೆ. ಆವತ್ತು ನಿನಗೆ ಹೊಡೆದೆ, ಹೊಡೆಯಬಾರದಿತ್ತು. ಅದಾದ ಮೇಲೆ ನಿನ್ನ ಹೊಲಿಗೆ ನನ್ನದಕ್ಕಿಂತ ನೇರವಾಯಿತು, ಈ ಮಾತನ್ನು ನಿನ್ನ ಮುಂದೆ ಯಾವತ್ತೂ ಹೇಳಿರಲಿಲ್ಲ.

ಹೊತ್ತಿಗೆ ಸರಿಯಾಗಿ ತಿನ್ನು. ಬಿಸಿಲಿನಲ್ಲಿ ತಲೆಗೆ ಬಟ್ಟೆ ಇರಲಿ. ಅಮ್ಮಿ ಪ್ರತಿ ನಮಾಜಿನಲ್ಲೂ ನಿನ್ನ ಹೆಸರು ಹೇಳುತ್ತಾರೆ, ಭಾಭಿ ಸಲಾಮು ತಿಳಿಸಿದ್ದಾಳೆ. ಅಲ್ಲಾಹು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ
ಜಾನ್ ಪಾಷಾ

ಇನ್ನೊಂದು ಮಾತು. ಮನೆಯಲ್ಲಿ ಅಮ್ಮಿ ಎದುರಿಗೇ ಕೂತಿದ್ದರು, ಬರೆಯಲಾಗಲಿಲ್ಲ. ಈಗ ಅಂಚೆ ಕಚೇರಿಯಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ. ಒಂದು ಫೋಟೋದಲ್ಲಿ ಡ್ರೈವರ್ ಪಕ್ಕದ ಸೀಟು ಕಾಣುತ್ತದೆ. ಜನ ಕೂತರೆ ಸೀಟು ಕೆಳಗೆ ತಗ್ಗಾಗುತ್ತದೆ. ನಿನ್ನದರಲ್ಲಿ ಒರಗುವ ಕಡೆ, ಭುಜ ಬರುವ ಜಾಗದಲ್ಲಿ, ಒಂದೇ ಮಗ್ಗುಲು ಕುಸಿದಿದೆ. ಹದಿನೆಂಟು ವರ್ಷದಿಂದ ಲಾರಿ ಸೀಟು ಬಿಚ್ಚುತ್ತಿದ್ದೇನೆ ದಾನಿಶ್. ಸೀಟನ್ನು ಹಿಂದಕ್ಕೆ ಬಾಗಿಸಿ ತಿಂಗಳುಗಟ್ಟಲೆ ಮಗ್ಗುಲಾಗಿ ಮಲಗಿದರೆ ಮಾತ್ರ ಹಾಗಾಗುತ್ತದೆ. ಬಾಗಿಲಿನ ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ಷೂ ಇದೆ. ನೀನು ಕಾರಿನಲ್ಲೇ ಮಲಗುತ್ತಿದ್ದೀಯ. ರೂಮು ಹೋಗಿದೆ, ಕೆಲಸವೂ ಹೋಗಿರಬೇಕು. ಹೊಸ ಕಾರಿನ ಮಾತು ಬರೆದು ನನ್ನ ಕಣ್ಣಿಗೆ ಮಣ್ಣೆರಚಲು ನೋಡಿದೆಯಲ್ಲೋ! ಮೊದಲು ಸಿಟ್ಟು ಬಂತು, ಆಮೇಲೆ ಅಂಗಡಿಯ ಹಿಂದೆ ಹೋಗಿ ಅತ್ತೆ. ಅಮ್ಮಿಗೆ ಮೂರೇ ಫೋಟೋ ತೋರಿಸಿದ್ದೇನೆ. ಅವರಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಹಳೆಯ ಕಾರನ್ನೂ ಮಾರಿಬಿಡು, ಎಷ್ಟು ಬಂದರೆ ಅಷ್ಟಕ್ಕೆ ಕೊಟ್ಟು ಟಿಕೆಟ್ ತಗೋ. ಅತ್ತರು, ಕಂಬಳಿ, ಟೇಪ್ ರೆಕಾರ್ಡರ್ ಏನೂ ತರಬೇಡ. ಫಾರಿನ್ನಿಂದ ಬಂದವರ ಪೆಟ್ಟಿಗೆ ಇಳಿಸಲು ಬೀದಿಯವರೆಲ್ಲ ಬಸ್ ಸ್ಟ್ಯಾಂಡಿಗೆ ಬರುತ್ತಾರಲ್ಲ, ನೀನು ಹೆದರಿರುವುದು ಅದಕ್ಕೇ ಅಂತ ನನಗೆ ಗೊತ್ತು. ಬರುವ ದಿನವನ್ನು ಅಂಗಡಿಯ ವಿಳಾಸಕ್ಕೆ, ನನಗೊಬ್ಬನಿಗೇ ಬರೆ. ಮೈಸೂರು ಬಸ್ಸಿನ ಹತ್ತಿರ ನಾನೊಬ್ಬನೇ ನಿಂತಿರುತ್ತೇನೆ.