ಮಿಷಿನ್ ಮುಚ್ಚಳದ ಒಳಗಿನ ಚೀಟಿ

ಜುಲೈ 11, ಗುರುವಾರ
ಪ್ರೆಸ್ಸಿನಿಂದ, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಓದಿಬಿಟ್ಟೆ, ಓದಿಬಿಟ್ಟೆ! ಜಪಾನಿನ ಯಾರೋ ಅವಸರದಲ್ಲಿ ಗೀಚಿಟ್ಟ ಒಂದು ಸಾಲನ್ನು ನಿಮ್ಮ ಮಗಳು ಯಾರ ಸಹಾಯವೂ ಇಲ್ಲದೆ ಓದಿದಳು, ಓದಿದ್ದು ಸರಿಯೂ ಆಯಿತು!

ಮೊದಲು ನಮಸ್ಕಾರ ಹೇಳಬೇಕಿತ್ತು. ನಮಸ್ಕಾರ. ಮದುವೆಯಾಗಿ ಮೂರು ತಿಂಗಳಾದರೂ ಕಾಗದ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ಫೋನ್ ಮಾಡಿದಾಗಲೆಲ್ಲ ಅಮ್ಮ, "ನಿಮ್ಮಪ್ಪ ಇಲ್ಲೇ ಕೂತಿದಾರೆ, ಕೊಡ್ಲಾ?" ಎನ್ನುತ್ತಾಳೆ. ಕುರ್ಚಿ ಸರಿದ ಸದ್ದಾಗುತ್ತದೆ. ಮತ್ತೆ ಅಮ್ಮನೇ, "ಈಗ ತಾನೇ ಎದ್ದು ಹೋದ್ರು ಕಣೇ, ಬ್ರಷ್ ನೆನೆಸಿಟ್ಟಿದ್ರಂತೆ" ಎನ್ನುತ್ತಾಳೆ. ದಿನಾ ಎಷ್ಟು ಬ್ರಷ್ ನೆನೆಸುತ್ತೀರಪ್ಪಾ? ಕೈಯಲ್ಲಿ ಬರೆದದ್ದನ್ನು ನೀವು ಓದದೆ ಬಿಡುವವರಲ್ಲ. ಅದಕ್ಕೇ ಈ ಕಾಗದ. ಇಂಗ್ಲಿಷ್ ಮೀಡಿಯಂನವಳ ಒತ್ತಕ್ಷರಗಳು ಅಲ್ಲಲ್ಲಿ ಜಾರಿ ಬಿದ್ದಿರಬಹುದು, ಎತ್ತಿ ಕೂರಿಸಿಕೊಂಡು ಓದಿ.

ನಾನು ಸುಖವಾಗಿದ್ದೇನೆ. ಎಷ್ಟೆಂದರೆ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು. ನಿಮ್ಮ ಅಳಿಯ, ಅಂದರೆ ನೀವು "ಆ ಫ್ಲೆಕ್ಸಿನವನು" ಎನ್ನುವ ಮನುಷ್ಯ, ಒಳ್ಳೆಯವರು. ಎಷ್ಟು ಸಲ ಸ್ನಾನ ಮಾಡಿದರೂ ಅವರ ಕಿವಿಯ ಹಿಂದೆ ನೀಲಿ ಇಂಕು ಉಳಿದಿರುತ್ತದೆ. ಮೂವತ್ತು ವರ್ಷ ಬ್ರಷ್ ಹಿಡಿದು ಅಂಗಡಿ ಬೋರ್ಡು ಬರೆದ ನಿಮಗೆ, ಬೋರ್ಡುಗಳನ್ನು ಮಿಷಿನ್ನಿನಲ್ಲಿ ಪ್ರಿಂಟ್ ಹಾಕುವವನು ಅಳಿಯನಾಗಿ ಬಂದದ್ದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ನಮ್ಮ ಬೀದಿಯ ಒಂದೊಂದೇ ಅಂಗಡಿ ನಿಮ್ಮ ಕೈ ಬಿಟ್ಟು ಫ್ಲೆಕ್ಸಿಗೆ ಹೋದದ್ದನ್ನು ಶಾಲೆಗೆ ಹೋಗುತ್ತಾ ಬರುತ್ತಾ ನಾನೂ ನೋಡಿದ್ದೇನೆ. ಅಯ್ಯೋ, ಇದನ್ನು ಇಷ್ಟು ಬೇಗ ಬರೆಯಬಾರದಿತ್ತು. ತಡೆಯಿರಿ, ನೀರು ಕುಡಿದು ಬರುತ್ತೇನೆ.

ಬಂದೆ. ವಿಷಯ ಏನೆಂದರೆ, ನಮ್ಮ ಮಿಷಿನ್ ಜಪಾನಿನಲ್ಲಿ ಯಾರೋ ಬಳಸಿ ಬಿಟ್ಟದ್ದು. ಮಂಚದಷ್ಟು ಉದ್ದ, ಮೂಗಿನ ಮೇಲೇ ಕೋಪ. ದಿನಾ ಬೆಳಿಗ್ಗೆ ಹಾಕಿದ ಪ್ರಿಂಟಿಗೆಲ್ಲ ಅಡ್ಡಡ್ಡ ಬಿಳಿ ಗೆರೆ. ಒಬ್ಬರು ಡಾಕ್ಟರ ಫೋಟೋ ಇದ್ದ ಬ್ಯಾನರ್ ವಾಪಸ್ ತಂದು ಮೇಜಿನ ಮೇಲೆ ಹರಡಿ, "ಏನ್ ಸ್ವಾಮಿ, ನಮ್ಮ ಡಾಕ್ಟ್ರನ್ನ ಜೈಲಿಗೆ ಹಾಕಿದೀರಲ್ಲಾ?" ಎಂದರು. ಮುಚ್ಚಳದ ಒಳಗೆ ಜಪಾನಿನ ಹಳೆಯ ಕೆಲಸಗಾರ ಟೇಪ್ ಹಾಕಿ ಅಂಟಿಸಿದ್ದ ಕೈಬರಹದ ಚೀಟಿಯೊಂದಿತ್ತು. ಮದ್ದು ಅದರಲ್ಲೇ ಇದೆ ಎಂದು ಇವರ ನಂಬಿಕೆ. ಫೋನಿನ ಕ್ಯಾಮೆರಾ ಅಚ್ಚಿನ ಅಕ್ಷರವನ್ನಾದರೆ ಓದಿ ಹೇಳುತ್ತದೆ. ಈ ಗೀಚಿಗೆ ಮಾತ್ರ "ಕುದುರೆ ಎರಡು ದಯವಿಟ್ಟು ಚಿಕ್ಕಮ್ಮ" ಎಂದಿತು. "ಕುದುರೆ ಹೇಗೋ ತರಬಹುದು, ಚಿಕ್ಕಮ್ಮನ್ನ ಎಲ್ಲಿಂದ ತರೋದು?" ಎಂದು ಇವರು ತಲೆ ಮೇಲೆ ಕೈ ಹೊತ್ತು ಕೂತರು. ನಾನೇ ಕಲಿಯುತ್ತೇನೆ ಎಂದು ಹೊರಟೆ.

ಚಿತ್ರದಂಥ ಆ ಅಕ್ಷರಗಳಿಗೆ ಕಾಂಜಿ ಎನ್ನುತ್ತಾರೆ. ಮೊದಲು ಫೋನಿನ ಆ್ಯಪ್‌ನಲ್ಲಿ ಬೆರಳಿನಿಂದ ತೀಡಿದೆ. ಅದು ಪಾಪ, ಹೇಗೆ ತೀಡಿದರೂ ಶಭಾಷ್ ಎನ್ನುತ್ತದೆ. ಒಂದು ವಾರಕ್ಕೆ ನೂರು ಅಕ್ಷರ ಬಂದವು ಎಂದು ಕುಣಿದಾಡಿದೆ. ಪೇಪರಿನ ಮೇಲೆ ಪೆನ್ಸಿಲ್ ಇಟ್ಟರೆ ಒಂದೂ ಬರಲಿಲ್ಲ! ಆಮೇಲೆ ಆನ್‌ಲೈನಿನಲ್ಲಿ ಕೈಬರಹದ ಕ್ಲಾಸಿಗೆ ಸೇರಿದೆ. ಬ್ಯಾನರಿಗೆ ಹಾಕುವ ಪೈಪಿನಲ್ಲಿ ಇವರು ಸ್ಟ್ಯಾಂಡ್ ಮಾಡಿಕೊಟ್ಟರು. ಫೋನ್ ಮೇಲಿನಿಂದ ತಲೆಕೆಳಗಾಗಿ ನೇತಾಡುತ್ತದೆ, ಅದಕ್ಕೆ ಕಾಣುವುದು ಚೌಕುಳಿ ಪುಸ್ತಕ ಮತ್ತು ಕೈ ಅಷ್ಟೇ. ಹನ್ನೆರಡು ಜನರ ಕ್ಲಾಸಿನಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ, ಬಳೆಯ ಕೈ, ಉಗುರು ಕಚ್ಚಿದ ಕೈ, ವಾಚಿನ ಕೈ, ಹೀಗೇ ಪರಿಚಯ.

ಮೊದಲ ದಿನವೇ ಟೀಚರ್, "ಮಿಷಿನ್ ಅಂಗಡಿಯವ್ರೇ, ನೀವು ಬರೀತಿದೀರಾ, ಚಿತ್ರ ಬಿಡಿಸ್ತಿದೀರಾ?" ಎಂದರು. ನಾನು ಸುತ್ತಲಿನ ಗೆರೆ ಮೊದಲು ಎಳೆದು ಒಳಗೆ ತುಂಬುತ್ತಿದ್ದೆ. ಅದೂ ಸಾಲಿನ ಕೊನೆಯ ಅಕ್ಷರದ ಜಾಗ ಮೊದಲು ಗುರುತು ಮಾಡಿಕೊಂಡು! "ಮನೇಲಿ ಯಾರಾದ್ರೂ ಬೋರ್ಡ್ ಬರೀತಾರಾ?" ಎಂದು ಕೇಳಿದರು. "ನಮ್ಮಪ್ಪಾ!" ಎಂದು ಎಷ್ಟು ಜೋರಾಗಿ ಕಿರುಚಿದೆ ಎಂದರೆ ಹನ್ನೊಂದು ಕೈಗಳು ಬರೆಯುವುದನ್ನು ನಿಲ್ಲಿಸಿದವು. "ಅಪ್ಪನ ಕೆಲ್ಸ ಅಪ್ಪಂಗಿರ್ಲಿ. ನೀವು ಒಂದೊಂದೇ ಗೆರೆ ಎಳೀರಿ. ಎಳೆದ ಮೇಲೆ ತಿದ್ದೋ ಹಾಗಿಲ್ಲ" ಎಂದರು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೂ ಕ್ರಮವಿದೆ. ಪೆಟ್ಟಿಗೆಯಂಥ ಅಕ್ಷರದ ತಳ ಮುಚ್ಚುವುದು ಎಲ್ಲಕ್ಕಿಂತ ಕೊನೆಗೆ. "ಒಳಗಿನವ್ರು ಒಳಗೆ ಬರ್ಲಿ, ಆಮೇಲೆ ಬಾಗಿಲು ಹಾಕಿ" ಎಂದು ಟೀಚರ್ ದಿನಾ ಗದರುತ್ತಾರೆ.

ಮೊದಲ ಪುಟ ಫೋಟೋ ತೆಗೆದು ಕಳಿಸಿದೆ. ತಿದ್ದಿ ಬಂದಾಗ ಪುಟದ ತುಂಬ ಕೆಂಪು ಸೊನ್ನೆ! ನಾಲ್ಕು ಅಕ್ಷರಕ್ಕೆ ಮಾತ್ರ ರೈಟ್ ಗುರುತು. ಎರಡು ದಿನ ಮೂತಿ ಊದಿಸಿಕೊಂಡಿದ್ದೆ. ಅತ್ತೆ, "ಹೋಗ್ಲಿ ಬಿಡಮ್ಮಾ, ನಾಲ್ಕಾದ್ರೂ ಬಂತಲ್ಲ, ಅದನ್ನೇ ಗಟ್ಟಿ ಮಾಡ್ಕೋ" ಎಂದರು. ಗಟ್ಟಿ ಮಾಡಿದೆ ಅಪ್ಪಾ. ಒಂದು ವಾರ, ಎಂಟು ಪುಟ, ಬರೀ ಆ ನಾಲ್ಕೇ. ಟೀಚರ್ ನೋಡಿ, "ಏನ್ರೀ, ತಪ್ಪನ್ನೇ ಹುಡುಕಿ ಹುಡುಕಿ ಇಷ್ಟು ಶ್ರದ್ಧೆಯಿಂದ ಕಲ್ತಿದೀರಲ್ಲಾ?" ಎಂದರು. ಆ ದೇಶದಲ್ಲಿ ಸೊನ್ನೆ ಎಂದರೆ ಸರಿಯಂತೆ, ರೈಟ್ ಗುರುತು ಎಂದರೆ ತಪ್ಪಂತೆ! ಅಲ್ಲೇ ಓದಿ ಬಂದ ಅವರಿಗೆ ಅದನ್ನು ಹೇಳುವುದೇ ಮರೆತುಹೋಗಿತ್ತು. ನಕ್ಕೂ ನಕ್ಕೂ ಪೆನ್ಸಿಲ್ ಮುರಿದೆ. ಸರಿಯಾಗಿದ್ದದ್ದಕ್ಕೆ ಅತ್ತು, ತಪ್ಪನ್ನು ಎಂಟು ಪುಟ ಮುದ್ದು ಮಾಡಿದ್ದೆ.

ಈಗ ಇವತ್ತಿನ ಕಥೆ. ಕೈಯಲ್ಲಿ ಬೇಗ ಬರೆಯುವವರು ಪೆನ್ನು ಪೂರ್ತಿ ಎತ್ತುವುದಿಲ್ಲ, ಒಂದು ಗೆರೆಯ ಬಾಲ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಗೆರೆಗಳ ಕ್ರಮ ನಮ್ಮ ಕೈಗೇ ಗೊತ್ತಿದ್ದರೆ ಬರೆದವನ ಪೆನ್ನು ಹೋದ ದಾರಿ ಕಾಣುತ್ತದೆ. ಬೆಳಿಗ್ಗೆ ಮುಚ್ಚಳ ಎತ್ತಿ, ಆ ಚೀಟಿಯ ಮೇಲಿನ ಸಾಲನ್ನು ಗಾಳಿಯಲ್ಲಿ ಬೆರಳಾಡಿಸಿ ಬರೆದು ನೋಡಿದೆ. ಬೆಳಿಗ್ಗೆ. ಇಪ್ಪತ್ತು. ನಿಮಿಷ. ಕಾಯಬೇಕು. ಅಷ್ಟೇ! ಮಿಷಿನ್ ಹಾಕಿದ ತಕ್ಷಣ ಕೆಲಸ ಹಚ್ಚಬಾರದು, ಬಿಸಿಯಾಗಲು ಬಿಡಬೇಕು. ನಾನು ಇಪ್ಪತ್ತು ನಿಮಿಷ ಕುರ್ಚಿಯಲ್ಲಿ ಕೂರುವುದೆಂದರೆ! ಹನ್ನೆರಡು ಸಲ ಎದ್ದೆ. "ಕೂತ್ಕೊಳ್ಳೇ, ನಿನ್ನ ನೋಡಿ ಮಿಷಿನ್‌ಗೂ ಗಾಬರಿಯಾಗತ್ತೆ" ಎಂದರು ಇವರು. ಆಮೇಲೆ ಪ್ರಿಂಟ್ ಬಂತು. ಒಂದೂ ಗೆರೆ ಇಲ್ಲ. ಅತ್ತೆ ಬಾಗಿಲಲ್ಲಿ ನಿಂತಿರುವಾಗಲೇ ಇವರು ನನ್ನನ್ನು ಎತ್ತಿ ಒಂದು ಸುತ್ತು ಸುತ್ತಿಸಿಬಿಟ್ಟರು.

ಇನ್ನೊಂದು ಮಾತು. ಆ ಪ್ರಿಂಟನ್ನು ತುಂಬಾ ಹೊತ್ತು ನೋಡಿ ಇವರು, "ಗೆರೆ ಹೋಯ್ತು, ಸರಿ. ಅಕ್ಷರದ ನಡುವೆ ಎಷ್ಟು ಜಾಗ ಬಿಡ್ಬೇಕು ಅಂತ ಮಾತ್ರ ಈ ಕಂಪ್ಯೂಟರ್‌ಗೆ ಗೊತ್ತಿಲ್ಲ. ನಿಮ್ಮಪ್ಪಂಗೆ ಗೊತ್ತು. ಹೋಗಿ ಕೇಳೋಕೆ ನಂಗೆ ಮುಖ ಇಲ್ಲ" ಎಂದರು. ನಾನು ಹೇಳಿಕೊಟ್ಟದ್ದಲ್ಲ, ಆಣೆ.

ಅಮ್ಮನಿಗೆ ಒಂದು ಮುತ್ತು. ಇಬ್ಬರೂ ಆರೋಗ್ಯವಾಗಿರಿ, ಏಣಿ ಹತ್ತುವಾಗ ಯಾರನ್ನಾದರೂ ಹಿಡಿದುಕೊಳ್ಳಲು ಕರೆಯಿರಿ. ಆಶೀರ್ವಾದ ಮಾಡಲು ಮನಸ್ಸು ಬಂದರೆ ಮಾಡಿ, ಬಾರದಿದ್ದರೆ ಬೈದಾದರೂ ಬರೆಯಿರಿ.

ನಿಮ್ಮ
ಬುಗುರಿ

ತಾ.ಕ.: ಮರೆತು ಬಿಟ್ಟದ್ದಲ್ಲ ಇದು, ಬರೆಯಲಾರದೆ ಬಿಟ್ಟದ್ದು. ನೀವು ಮದುವೆಗೆ ಬರಲಿಲ್ಲ ಎಂದು ಎಲ್ಲರೂ ಅನ್ನುತ್ತಾರೆ, ಅಮ್ಮನೂ ಹಾಗೇ ತಿಳಿದಿದ್ದಾಳೆ. ನೀವು ಬಂದಿದ್ದಿರಿ. ನಾನು ಛತ್ರದ ಮಹಡಿಯ ಕಿಟಕಿಯಿಂದ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ, ಇವರು ಪ್ರಿಂಟ್ ಹಾಕಿಸಿದ್ದ ಬ್ಯಾನರಿನ ಮುಂದೆ ನಿಂತಿರಿ. ಬಣ್ಣ ಒಣಗಿದೆಯೇ ಎಂದು ನೋಡುವ ಹಾಗೆ ನನ್ನ ಹೆಸರಿನ ಮೇಲೆ ಬೆರಳು ಆಡಿಸಿದಿರಿ. ಕೂಗಿದ್ದರೆ ಕೇಳುತ್ತಿತ್ತು, ಅಷ್ಟೇ ದೂರ. ಫೋಟೋದವರು "ಈ ಕಡೆ ನೋಡಿ ಮೇಡಂ" ಎಂದರು. ನಾನು ಆ ಕಡೆ ನೋಡಿ ನಕ್ಕೆ. ತಿರುಗಿದಾಗ ಸೈಕಲ್ ಇರಲಿಲ್ಲ. ಅಂದಿನಿಂದ ಅಪ್ಪ ಬರಲೇ ಇಲ್ಲ ಎಂದು ಎಲ್ಲರ ಜೊತೆ ನಾನೂ ಹೇಳಿಕೊಂಡು ತಿರುಗುತ್ತಿದ್ದೇನೆ. ಕಂಡೂ ಕೂಗಿ ಕರೆಯದೆ ಇದ್ದವಳು ನಾನು. ಇದನ್ನು ಎದುರಿಗೆ ನಿಂತು ಹೇಳಬೇಕು ಅಪ್ಪಾ, ಅವತ್ತೊಂದು ದಿನ ಬ್ರಷ್ ನೆನೆಸಬೇಡಿ. ಜುಲೈ 21, ಭಾನುವಾರ, ಬೆಳಗಿನ ಪ್ಯಾಸೆಂಜರ್ ರೈಲು, ಹತ್ತು ನಲವತ್ತಕ್ಕೆ ಊರಿಗೆ ಬರುವುದು. ಒಬ್ಬಳೇ ಬರುತ್ತೇನೆ.